ಆಪ್ಟ್ ಏನು ಹೇಳುತ್ತಿದೆ? ‘ವೈ’ ಒತ್ತುವ ಮುನ್ನ ಓದಿ

ಡೆಬಿಯನ್ ಎಂಬ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಕನ್ನಡ ಫಾಂಟ್ ಬೇಕು ಅಂತಿಟ್ಟುಕೊಳ್ಳಿ. ಟರ್ಮಿನಲ್ ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಎಂದು ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. (ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಆಪ್ಟ್ ಅಂದರೆ ಸಾಫ್ಟ್‌ವೇರ್ ತಂದು ಹಾಕಿಕೊಡುವ ಸಾಧನ, ಪ್ಯಾಕೇಜ್ ಅಂದರೆ ಅದು ತರುವ ಸಾಫ್ಟ್‌ವೇರಿನ ಕಟ್ಟು. ಸುಡೊ ಅಂದರೆ ಪೂರ್ಣ ಅಧಿಕಾರದಲ್ಲಿ ಮಾಡು ಅಂತ. ನೀವು ಕೇಳಿದ್ದು ಒಂದೇ ಪ್ಯಾಕೇಜ್. ಆಪ್ಟ್ ತೋರಿಸುವ ಪಟ್ಟಿಯಲ್ಲಿ ಗುಬ್ಬಿ, ನವಿಲು, ಲೋಹಿತ್ ಅಂತ ಇನ್ನೂ ಮೂರು ಹೆಸರುಗಳಿರುತ್ತವೆ. ಎಷ್ಟು ಇಳಿಸಿಕೊಳ್ಳಬೇಕು, ಡಿಸ್ಕ್‌ನಲ್ಲಿ ಎಷ್ಟು ಜಾಗ ಬೇಕು ಅಂತ ಎರಡು ಸಾಲು ಬರುತ್ತವೆ. ಕೊನೆಗೆ ಒಂದು ಪ್ರಶ್ನೆ: ಮುಂದುವರಿಯಲೇ? ವೈ ಅಥವಾ ಎನ್.

ಬಹಳ ಜನ ಇಲ್ಲಿ ಏನೂ ಓದದೆ ವೈ ಒತ್ತಿಬಿಡುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಏನೂ ಆಗುವುದಿಲ್ಲ ನಿಜ. ಆದರೆ ಆ ಹತ್ತು ಸಾಲುಗಳಲ್ಲಿ ಆಪ್ಟ್ ತಾನು ಮಾಡಲಿರುವ ಎಲ್ಲವನ್ನೂ ಮುಂಚೆಯೇ ಹೇಳಿರುತ್ತದೆ. ಅದನ್ನು ಓದಲು ಬಂದರೆ ಲಿನಕ್ಸ್‌ನಲ್ಲಿ ಪ್ಯಾಕೇಜ್ ನಿಭಾಯಿಸುವುದು ಮುಕ್ಕಾಲು ಪಾಲು ಬಂದಂತೆ. ಕಮಾಂಡ್‌ಗಳನ್ನು ಉರು ಹೊಡೆಯುವ ಅಗತ್ಯವೇ ಇಲ್ಲ.

ಮೇಲಿನ ಉದಾಹರಣೆಯನ್ನೇ ನೋಡಿ. ‘ಫಾಂಟ್ಸ್-ಕೆಎನ್‌ಡಿಎ’ಯಲ್ಲಿ ಒಂದೂ ಫಾಂಟ್ ಇಲ್ಲ. ಅದು ಬರೀ ಚೀಟಿ. ‘ಕನ್ನಡ ಫಾಂಟ್ ಬೇಕೆಂದವರಿಗೆ ಈ ಮೂರನ್ನು ಕೊಡಿ’ ಅಂತ ಅದರಲ್ಲಿ ಬರೆದಿದೆ, ಅಷ್ಟೇ. ಇಂಥದ್ದನ್ನು ಮೆಟಾ ಪ್ಯಾಕೇಜ್ ಅನ್ನುತ್ತಾರೆ. ಈ ಚೀಟಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಡೆಬ್ ಫೈಲಿನ ಒಳಗೆ

ಡೆಬಿಯನ್, ಉಬುಂಟು, ಲಿನಕ್ಸ್ ಮಿಂಟ್ ಇವೆಲ್ಲ ಬಳಸುವುದು ಡೆಬ್ ಪ್ಯಾಕೇಜನ್ನು. ಅದನ್ನು ಬಿಚ್ಚಿದರೆ ಒಳಗೆ ಮೂರೇ ತುಂಡು. ಒಂದರಲ್ಲಿ ಡೆಬ್ ಫೈಲಿನ ರೂಪ ಯಾವ ಆವೃತ್ತಿಯದ್ದು ಎಂಬ ಪುಟ್ಟ ಸಂಖ್ಯೆ. ಇನ್ನೊಂದು ಡೇಟಾ: ಯಾವ ಫೈಲ್ ಯಾವ ಫೋಲ್ಡರಿಗೆ ಹೋಗಬೇಕೋ ಅದೇ ಕ್ರಮದಲ್ಲಿ ಜೋಡಿಸಿಟ್ಟಿರುವ ಅಸಲಿ ಸರಕು. ಮತ್ತೊಂದು ಕಂಟ್ರೋಲ್. ಪ್ಯಾಕೇಜಿನ ಜಾತಕ ಇರುವುದು ಇದರಲ್ಲೇ. ಹೆಸರು, ಆವೃತ್ತಿ, ನೋಡಿಕೊಳ್ಳುವವರು ಯಾರು, ಯಾವ ಪ್ಯಾಕೇಜ್ ಜೊತೆಗಿರಲೇಬೇಕು, ಯಾವುದರ ಜೊತೆ ಹೊಂದುವುದಿಲ್ಲ ಎಲ್ಲ ಇಲ್ಲಿರುತ್ತದೆ. ಪ್ಯಾಕೇಜ್ ಹಾಕುವ ಮುಂಚೆ, ಹಾಕಿದ ಮೇಲೆ, ತೆಗೆಯುವ ಮುಂಚೆ, ತೆಗೆದ ಮೇಲೆ ಓಡಬೇಕಾದ ಪುಟ್ಟ ಸ್ಕ್ರಿಪ್ಟ್‌ಗಳೂ ಇದರಲ್ಲೇ ಇರಬಹುದು.

ಈ ಸ್ಕ್ರಿಪ್ಟ್‌ಗಳ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅವು ರೂಟ್ ಅಧಿಕಾರದಲ್ಲಿ, ಅಂದರೆ ಕಂಪ್ಯೂಟರಿನ ಪೂರ್ಣ ಅಧಿಕಾರದಲ್ಲಿ ಓಡುತ್ತವೆ. ಎಲ್ಲಿಂದಲೋ ಇಳಿಸಿದ ಡೆಬ್ ಫೈಲನ್ನು ಸುಡೊ ಹಾಕಿ ಇನ್‌ಸ್ಟಾಲ್ ಮಾಡುವುದೆಂದರೆ, ಗುರುತಿಲ್ಲದವರ ಕೈಗೆ ಮನೆಯ ಬೀಗದಕೈ ಕೊಟ್ಟ ಹಾಗೆ. ಒಳಗೆ ಬಂದು ಏನು ಬೇಕಾದರೂ ಮಾಡಬಹುದು.

ಡೆಬ್ ಫೈಲನ್ನು ಬಿಚ್ಚಿ ಜಾಗಕ್ಕೆ ಕೂರಿಸುವ ಕೆಲಸ ಡಿಪಿಕೆಜಿಯದು. ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಶುರು ಮಾಡಿದರು. ಮರು ವರ್ಷವೇ ಡಿಪಿಕೆಜಿ ಹುಟ್ಟಿತು. ಇದು ಕೊಟ್ಟಿದ್ದನ್ನು ಕೂರಿಸುತ್ತದೆಯೇ ಹೊರತು ತಾನಾಗಿ ಏನನ್ನೂ ಇಳಿಸಿ ತರುವುದಿಲ್ಲ. ಬೇಕಾದ ಇನ್ನೊಂದು ಪ್ಯಾಕೇಜ್ ಇಲ್ಲ ಅಂದರೆ ‘ಇಲ್ಲ’ ಎಂದು ಹೇಳಿ ನಿಂತುಬಿಡುತ್ತದೆ. ಏನೇನು ಬೇಕು ಅಂತ ಲೆಕ್ಕ ಹಾಕಿ, ಉಗ್ರಾಣದಿಂದ ತರಿಸಿ, ಸರಿಯಾದ ಕ್ರಮದಲ್ಲಿ ಡಿಪಿಕೆಜಿಯ ಕೈಗೆ ಕೊಡುವುದು ಆಪ್ಟ್. ಇದು 1999ರ ಡೆಬಿಯನ್ 2.1ರ ಜೊತೆ ಬಂತು. ಇಲ್ಲಿ ಉಗ್ರಾಣ ಅಂದರೆ ರೆಪಾಸಿಟರಿ. ಡೆಬಿಯನ್ 13ರ ಉಗ್ರಾಣದಲ್ಲಿ 69 ಸಾವಿರಕ್ಕೂ ಜಾಸ್ತಿ ಪ್ಯಾಕೇಜ್‌ಗಳಿವೆ.

ಲೆಕ್ಕದ ಪುಸ್ತಕ

ನನ್ನ ಮಟ್ಟಿಗೆ ಈ ವ್ಯವಸ್ಥೆಯ ದೊಡ್ಡಸ್ತಿಕೆ ಸಾಫ್ಟ್‌ವೇರ್ ತಂದುಕೊಡುವುದರಲ್ಲಿಲ್ಲ. ತಂದದ್ದಕ್ಕೆಲ್ಲ ಲೆಕ್ಕ ಇಡುವುದರಲ್ಲಿದೆ. ‘/ವಾರ್/ಲಿಬ್/ಡಿಪಿಕೆಜಿ’ ಎಂಬ ಫೋಲ್ಡರಿನಲ್ಲಿ ಈ ಪುಸ್ತಕ ಇದೆ. ಯಾವ ಪ್ಯಾಕೇಜ್ ಇದೆ, ಯಾವ ಆವೃತ್ತಿ, ಅದು ಎಲ್ಲೆಲ್ಲಿ ಯಾವ ಫೈಲ್ ಇಟ್ಟಿದೆ ಎಲ್ಲವೂ ಅಲ್ಲಿ ಸರಳ ಅಕ್ಷರಗಳಲ್ಲಿ ಬರೆದಿದೆ. ಓದಲು ವಿಶೇಷ ಸಾಧನವೇನೂ ಬೇಡ.

ಹಾಗಾಗಿ ನಿಮ್ಮ ಕಂಪ್ಯೂಟರಿನ ಮೇಲೆ ಬೆರಳಿಟ್ಟು ‘ಈ ಫೈಲ್ ಯಾರದ್ದು?’ ಅಂತ ಕೇಳಬಹುದು. ‘ಡಿಪಿಕೆಜಿ --ಸರ್ಚ್ /ಯುಎಸ್‌ಆರ್/ಬಿನ್/ಪೈಥಾನ್3’ ಎಂದರೆ ಅದು ಪೈಥಾನ್3-ಮಿನಿಮಲ್ ಪ್ಯಾಕೇಜಿನದು ಎಂಬ ಉತ್ತರ ಬರುತ್ತದೆ. ತಿರುಗಿಸಿಯೂ ಕೇಳಬಹುದು. ‘ಡಿಪಿಕೆಜಿ --ಲಿಸ್ಟ್‌ಫೈಲ್ಸ್ ಫಾಂಟ್ಸ್-ಗುಬ್ಬಿ’ ಅಂದರೆ ಗುಬ್ಬಿ ಎಲ್ಲೆಲ್ಲಿ ಗೂಡು ಕಟ್ಟಿದೆ ಅಂತ ಸಾಲುಸಾಲಾಗಿ ತೋರಿಸುತ್ತದೆ. ‘ಡಿಪಿಕೆಜಿ --ವೆರಿಫೈ’ ಅಂದರೆ ಹಾಕಿದಾಗ ಇದ್ದಂತೆಯೇ ಇರದ ಫೈಲುಗಳನ್ನು ಹುಡುಕಿ ಹೇಳುತ್ತದೆ. ‘ಆಪ್ಟ್ ಪಾಲಿಸಿ’ ಜೊತೆಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಈಗ ಯಾವ ಆವೃತ್ತಿ ಇದೆ, ಉಗ್ರಾಣದಲ್ಲಿ ಯಾವುದಿದೆ, ಅದು ಯಾವ ಉಗ್ರಾಣ ಎಂಬುದು ತಿಳಿಯುತ್ತದೆ. ಈ ಯಾವ ಪ್ರಶ್ನೆಗೂ ಸುಡೊ ಬೇಕಿಲ್ಲ. ಕೇಳುವುದರಿಂದ ಏನೂ ಕೆಡುವುದಿಲ್ಲ. ಹೊಸಬರು ಮೊದಲ ಒಂದು ವಾರ ಬರೀ ಕೇಳುತ್ತಾ ಕಳೆದರೂ ತುಂಬಾ ಕಲಿಯುತ್ತಾರೆ.

ಅಪ್‌ಡೇಟ್ ಅಂದರೆ ಅಪ್‌ಡೇಟ್ ಅಲ್ಲ

‘ಅಪ್‌ಡೇಟ್ ಮಾಡಿದೆ, ಆದ್ರೂ ಹಳೇದೇ ಇದೆ’ ಅಂತ ಎಷ್ಟೋ ಜನ ಕೇಳಿದ್ದಾರೆ. ತಪ್ಪು ಅವರದ್ದಲ್ಲ, ಹೆಸರಿನದು. ಫೋನಿನಲ್ಲಿ ಅಪ್‌ಡೇಟ್ ಅಂದರೆ ಹೊಸದು ಬಂದು ಕೂರುವುದು. ಇಲ್ಲಿ ‘ಆಪ್ಟ್ ಅಪ್‌ಡೇಟ್’ ಉಗ್ರಾಣದ ದಾಸ್ತಾನು ಪಟ್ಟಿಯನ್ನು ಮಾತ್ರ ಹೊಸದಾಗಿ ತರುತ್ತದೆ. ಒಂದು ಪ್ರೋಗ್ರಾಮನ್ನೂ ಮುಟ್ಟುವುದಿಲ್ಲ. ಆ ಪಟ್ಟಿ ನೋಡಿಕೊಂಡು ಹೊಸ ಆವೃತ್ತಿ ಹಾಕುವುದು ‘ಆಪ್ಟ್ ಅಪ್‌ಗ್ರೇಡ್’.

ಈ ಎರಡು ಹೆಜ್ಜೆ ಬೇರೆ ಬೇರೆ ಇರುವುದರಿಂದ ಒಂದು ಪರಿಚಿತ ತೊಂದರೆ ಬರುತ್ತದೆ. ಇನ್‌ಸ್ಟಾಲ್ ಮಾಡಲು ಹೋದರೆ 404 ಎಂಬ ದೋಷ. ನಿಮ್ಮ ಹತ್ತಿರ ಇರುವ ಪಟ್ಟಿ ತಿಂಗಳ ಹಿಂದಿನದು. ಅದರಲ್ಲಿರುವ ಆವೃತ್ತಿ ಉಗ್ರಾಣದಿಂದ ಹೋಗಿ ಹೊಸದು ಬಂದಿದೆ. ಇಲ್ಲದ ಸಾಮಾನನ್ನು ಕೇಳಿದರೆ ಎಲ್ಲಿಂದ ಕೊಡುತ್ತಾರೆ? ಮೊದಲು ಅಪ್‌ಡೇಟ್ ಕೊಟ್ಟು ಮತ್ತೆ ಕೇಳಿದರೆ ಆಯಿತು.

ಅಪ್‌ಗ್ರೇಡ್‌ನಲ್ಲೂ ಎರಡು ಬಗೆ. ಬರೀ ‘ಅಪ್‌ಗ್ರೇಡ್’ ಎಂದರೆ ಇರುವ ಯಾವ ಪ್ಯಾಕೇಜನ್ನೂ ತೆಗೆಯುವುದಿಲ್ಲ. ತೆಗೆಯದೆ ಆಗುವುದೇ ಇಲ್ಲ ಅನ್ನುವ ಪ್ಯಾಕೇಜನ್ನು ಹಾಗೇ ಹಿಂದೆ ಇಟ್ಟುಕೊಳ್ಳುತ್ತದೆ. ‘ಫುಲ್-ಅಪ್‌ಗ್ರೇಡ್’ ಎಂದರೆ ಬೇಕಾದರೆ ಕೆಲವನ್ನು ತೆಗೆಯುವ ಅಧಿಕಾರವನ್ನೂ ಕೊಟ್ಟಂತೆ. ಅಲ್ಲಿ ಪಟ್ಟಿಯನ್ನು ಎರಡು ಸಲ ಓದಬೇಕು. ಉಬುಂಟುನಲ್ಲಿ ಕೆಲವು ಅಪ್‌ಡೇಟ್‌ಗಳು ಹಿಂದೆ ಉಳಿದರೆ ಗಾಬರಿ ಬೇಡ. ಅವನ್ನು ಎಲ್ಲರಿಗೂ ಒಟ್ಟಿಗೆ ಬಿಡದೆ ಹಂತ ಹಂತವಾಗಿ ಬಿಡುತ್ತಾರೆ. ನಿಮ್ಮ ಸರದಿ ಬಂದಾಗ ತಾನಾಗಿ ಬರುತ್ತವೆ. ಬಲವಂತ ಮಾಡುವ ಅಗತ್ಯ ಇಲ್ಲ.

ಆ ಮಾವ ಬಂದರೆ ಈ ಚಿಕ್ಕಪ್ಪ ಬರುವುದಿಲ್ಲ

ಒಂದು ಪ್ಯಾಕೇಜಿಗೆ ಇನ್ನೊಂದು ಯಾಕೆ ಬೇಕು? ಎಲ್ಲರೂ ಬಳಸುವ ಕೋಡನ್ನು ಲೈಬ್ರರಿ ಅಂತ ಒಂದೇ ಕಡೆ ಇಟ್ಟು ಹಂಚಿಕೊಳ್ಳುವುದು ಲಿನಕ್ಸ್‌ನ ಪದ್ಧತಿ. ಇದರ ಲಾಭ 2014ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಗೊತ್ತಾಯಿತು. ಇಂಟರ್ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ತೂತು ಸಿಕ್ಕಿತು. ಡೆಬಿಯನ್ ಬಳಸುವವರು ಆ ಲೈಬ್ರರಿಯ ಪ್ಯಾಕೇಜನ್ನು ಬದಲಿಸಿ ಸರ್ವಿಸ್‌ಗಳನ್ನು ಮರುಚಾಲನೆ ಮಾಡಿದರೆ, ಅದನ್ನು ಹಂಚಿಕೊಂಡಿದ್ದ ಎಲ್ಲ ಪ್ರೋಗ್ರಾಮ್‌ಗಳ ತೂತೂ ಮುಚ್ಚುತ್ತಿತ್ತು. ಪ್ರತಿ ಪ್ರೋಗ್ರಾಮೂ ತನ್ನದೇ ನಕಲು ಇಟ್ಟುಕೊಂಡಿದ್ದರೆ ಒಂದೊಂದನ್ನೂ ಹುಡುಕಿ ಸರಿಮಾಡಬೇಕಿತ್ತು.

ಹಂಚಿಕೊಂಡರೆ ತಕರಾರೂ ಇರುತ್ತದೆ, ಅಲ್ವಾ? ಒಂದಕ್ಕೆ ಲೈಬ್ರರಿಯ 2ನೇ ಆವೃತ್ತಿಯೋ ಅದಕ್ಕಿಂತ ಹೊಸದೋ ಬೇಕು. ಇನ್ನೊಂದಕ್ಕೆ ಹಳೆಯದೇ ಆಗಬೇಕು. ಮದುವೆಗೆ ಕರೆಯುವಾಗ ಆ ಮಾವ ಬಂದರೆ ಈ ಚಿಕ್ಕಪ್ಪ ಬರುವುದಿಲ್ಲ, ಅತ್ತೆ ಬರಬೇಕಾದರೆ ಕರೆದುಕೊಂಡು ಬರಲು ಮೊಮ್ಮಗ ಬೇಕು ಅನ್ನುವ ಲೆಕ್ಕ ಇರುತ್ತದಲ್ಲ, ಹಾಗೆ. ನೂರು ಜನರಿಗೆ ಹೇಗೋ ಹೊಂದಿಸಬಹುದು. ಸಾವಿರಾರು ಪ್ಯಾಕೇಜ್‌ಗಳ ನಡುವೆ ಎಲ್ಲರಿಗೂ ಒಪ್ಪಿಗೆಯಾಗುವ ಗುಂಪನ್ನು ಹುಡುಕುವುದು ಗಣಿತದ ದೃಷ್ಟಿಯಿಂದಲೇ ಕಠಿಣ ಸಮಸ್ಯೆ. ಕಂಪ್ಯೂಟರ್ ವಿಜ್ಞಾನದವರು ಇದನ್ನು ಎನ್‌ಪಿ-ಕಂಪ್ಲೀಟ್ ಎಂಬ ಗುಂಪಿಗೆ ಸೇರಿಸುತ್ತಾರೆ. ಆಪ್ಟ್ ಇದನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಿಡಿಸಿ ಮುಂದಿಡುತ್ತದೆ. ಆದರೆ ಅದು ಹುಡುಕಿದ ಉತ್ತರ ನಿಯಮಕ್ಕೆ ಸರಿಯಿದ್ದೂ ನಿಮಗೆ ಬೇಡದ್ದಾಗಿರಬಹುದು.

2021ರ ನವೆಂಬರ್‌ನಲ್ಲಿ ಆದದ್ದು ಇದೇ. ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್ ಹಾಕಿಕೊಂಡು, ಆಟದ ಸಾಫ್ಟ್‌ವೇರ್ ಸ್ಟೀಮ್ ಇನ್‌ಸ್ಟಾಲ್ ಮಾಡಲು ಹೋದರು. ಆ ಹೊತ್ತಿಗೆ ಉಗ್ರಾಣದಲ್ಲಿ ಒಂದಕ್ಕೊಂದು ಹೊಂದದ ಪ್ಯಾಕೇಜ್‌ಗಳಿದ್ದವು. ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪ್ ಹೋಗಬೇಕು ಎಂಬ ಉತ್ತರ ಆಪ್ಟ್‌ಗೆ ಸಿಕ್ಕಿತು. ಅದು ಎಚ್ಚರಿಕೆ ಕೊಟ್ಟಿತು. ಬರೀ ವೈ ಸಾಲದು, ‘ಹೌದು, ನಾನು ಹೇಳಿದಂತೆ ಮಾಡು!’ ಎಂಬರ್ಥದ ಇಡೀ ವಾಕ್ಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಅಂತಲೂ ಕೇಳಿತು. ಅವರು ಟೈಪ್ ಮಾಡಿದರು. ಡೆಸ್ಕ್‌ಟಾಪ್ ಹೋಯಿತು.

ಆಗ ಬಹಳ ಜನ ಅವರನ್ನೇ ಬೈದರು. ನನಗೆ ಅದು ನ್ಯಾಯ ಅನ್ನಿಸುವುದಿಲ್ಲ. ಪ್ಯಾಕೇಜಿನ ತಪ್ಪು ಅವರದ್ದಲ್ಲ. ಉದ್ದನೆಯ ಪಟ್ಟಿಯ ನಡುವೆ ಅಪಾಯದ ಸಾಲು ಮುಳುಗಿಹೋಗಿತ್ತು. ಅದನ್ನು ಎದ್ದು ಕಾಣುವಂತೆ ಮಾಡುವುದು ತಂತ್ರಾಂಶ ಬರೆಯುವವರ ಹೊಣೆ. ಆಮೇಲೆ ಆಪ್ಟ್ ಬದಲಾಯಿತು. ಅತ್ಯಗತ್ಯ ಎಂದು ಗುರುತು ಮಾಡಿದ ಪ್ಯಾಕೇಜ್‌ಗಳನ್ನು ತೆಗೆಯುವ ಉತ್ತರವನ್ನು ಅದು ಸುಲಭಕ್ಕೆ ಮುಂದಿಡುವುದಿಲ್ಲ. 2025ರ ಡೆಬಿಯನ್ 13ರಲ್ಲಿರುವ ಆಪ್ಟ್ 3.0 ತೆಗೆಯುವ ಪ್ಯಾಕೇಜ್‌ಗಳನ್ನು ಕೆಂಪಿನಲ್ಲಿ, ಹಾಕುವುದನ್ನು ಹಸಿರಿನಲ್ಲಿ ತೋರಿಸುತ್ತದೆ. ಕೆಂಪು ಕಂಡಾಗ ನಿಲ್ಲಿ. ಅಲ್ಲಿರುವ ಒಂದೊಂದು ಹೆಸರೂ ಏನು ಅಂತ ‘ಆಪ್ಟ್ ಶೋ’ ಹಾಕಿ ನೋಡಿ. ಅನುಮಾನ ಇದ್ದರೆ ಕಮಾಂಡಿಗೆ ‘--ಸಿಮ್ಯುಲೇಟ್’ ಸೇರಿಸಿ. ಏನಾಗುತ್ತದೆ ಅಂತ ಹೇಳುತ್ತದೆ, ಮಾಡುವುದಿಲ್ಲ.

ಮೊದಲು ಹೇಳಿದ ಚೀಟಿ ನೆನಪಿದೆಯಾ? ಗುಬ್ಬಿ ಫಾಂಟ್ ಬೇಡ ಅಂತ ಅದೊಂದನ್ನು ತೆಗೆಯಲು ಹೋದರೆ ‘ಫಾಂಟ್ಸ್-ಕೆಎನ್‌ಡಿಎ’ ಕೂಡ ಹೋಗುತ್ತದೆ ಎಂದು ಆಪ್ಟ್ ಹೇಳುತ್ತದೆ. ಮೂರೂ ಇರಬೇಕು ಅನ್ನುವುದೇ ಆ ಚೀಟಿಯ ಷರತ್ತು. ಒಂದು ಹೋದ ಮೇಲೆ ಚೀಟಿಗೆ ಅರ್ಥವಿಲ್ಲ. ಇಲ್ಲಿ ಹೆದರಬೇಕಾದ್ದೇನಿಲ್ಲ, ಚೀಟಿ ಹರಿದರೆ ನವಿಲು ಹಾರಿಹೋಗುವುದಿಲ್ಲ. ಆದರೆ ಇದೇ ಬಗೆಯ ದೊಡ್ಡ ಚೀಟಿ ಇಡೀ ಡೆಸ್ಕ್‌ಟಾಪಿಗೂ ಇರುತ್ತದೆ. ಅದು ಹೋದರೆ, ಅದು ಹೇಳಿದ್ದಕ್ಕೇ ಬಂದಿದ್ದ ಎಷ್ಟೋ ಪ್ಯಾಕೇಜ್‌ಗಳು ಯಾರಿಗೂ ಬೇಡದವು ಎಂಬ ಪಟ್ಟಿಗೆ ಬೀಳಬಹುದು.

ಆ ಪಟ್ಟಿ ಬರುವುದು ಹೀಗೆ. ನೀವಾಗಿ ಕೇಳಿದ ಪ್ಯಾಕೇಜಿಗೂ, ಅದರ ಜೊತೆ ತಾನಾಗಿ ಬಂದದ್ದಕ್ಕೂ ಆಪ್ಟ್ ಬೇರೆ ಬೇರೆ ಗುರುತು ಹಾಕುತ್ತದೆ. ವಿಡಿಯೊ ನೋಡುವ ವಿಎಲ್‌ಸಿ ಹಾಕಿದರೆ ಒಂದಷ್ಟು ಲೈಬ್ರರಿಗಳೂ ಬರುತ್ತವೆ. ನಾಳೆ ವಿಎಲ್‌ಸಿ ತೆಗೆದರೆ ಅವು ಉಳಿಯುತ್ತವೆ. ‘ಇವು ಈಗ ಯಾರಿಗೂ ಬೇಡ, ಆಟೊರಿಮೂವ್ ಕೊಟ್ಟರೆ ತೆಗೆಯುತ್ತೇನೆ’ ಅನ್ನುತ್ತದೆ ಆಪ್ಟ್. ಒಳ್ಳೆಯ ಸಲಹೆಯೇ. ಆದರೂ ಓದಿ. ಅದರಲ್ಲಿ ನೀವು ದಿನಾ ಬಳಸುವ ಹೆಸರು ಕಂಡರೆ ‘ಆಪ್ಟ್-ಮಾರ್ಕ್ ಮ್ಯಾನ್ಯುಅಲ್’ ಕೊಟ್ಟು ‘ಇದು ನನಗೆ ಬೇಕು’ ಅಂತ ಹೇಳಿಡಬಹುದು.

ತೆಗೆಯುವುದರಲ್ಲೂ ಒಂದು ಸೂಕ್ಷ್ಮ ಇದೆ. ‘ರಿಮೂವ್’ ಪ್ರೋಗ್ರಾಮನ್ನು ತೆಗೆದು ‘/ಇಟಿಸಿ’ಯಲ್ಲಿರುವ ಸೆಟ್ಟಿಂಗ್ ಫೈಲುಗಳನ್ನು ಬಿಡುತ್ತದೆ. ‘ಪರ್ಜ್’ ಅದನ್ನೂ ಅಳಿಸುತ್ತದೆ. ನಿಮ್ಮ ಹೋಮ್ ಫೋಲ್ಡರಿನಲ್ಲಿರುವ ನಿಮ್ಮ ಸೆಟ್ಟಿಂಗ್‌ಗಳನ್ನು ಎರಡೂ ಮುಟ್ಟುವುದಿಲ್ಲ. ಅಪ್‌ಗ್ರೇಡ್ ನಡುವೆ ‘ಸೆಟ್ಟಿಂಗ್ ಫೈಲನ್ನು ನೀವೂ ಬದಲಿಸಿದ್ದೀರಿ, ನಾವೂ ಬದಲಿಸಿದ್ದೇವೆ, ಯಾವುದು ಇರಲಿ?’ ಅಂತ ಕೇಳಿದರೆ, ಸುಮ್ನೆ ಎಂಟರ್ ಒತ್ತಿದರೂ ನಿಮ್ಮದೇ ಉಳಿಯುತ್ತದೆ. ಬಳಸುವವರು ಮಾಡಿದ ಬದಲಾವಣೆಯನ್ನು ಗೌರವಿಸುವ ಈ ನಡತೆ ನನಗೆ ತುಂಬಾ ಇಷ್ಟ.

ಮೊಹರು ಏನು ಹೇಳುತ್ತದೆ

ಡೆಬಿಯನ್‌ನ ನಕಲು ಉಗ್ರಾಣಗಳು, ಅಂದರೆ ಮಿರರ್‌ಗಳು, ಲೋಕದ ತುಂಬಾ ಇವೆ. ಯಾರೋ ನಡೆಸುವ ಮಿರರ್‌ನಿಂದ ಬಂದದ್ದನ್ನು ನಂಬುವುದು ಹೇಗೆ? ಉಗ್ರಾಣದ ತಲೆಪಟ್ಟಿಗೆ ಡೆಬಿಯನ್‌ನವರು ಡಿಜಿಟಲ್ ಸಹಿ ಹಾಕುತ್ತಾರೆ. ಆ ತಲೆಪಟ್ಟಿಯಲ್ಲಿ ದಾಸ್ತಾನು ಪಟ್ಟಿಗಳ ಬೆರಳಚ್ಚು ಇರುತ್ತದೆ. ದಾಸ್ತಾನು ಪಟ್ಟಿಯಲ್ಲಿ ಪ್ರತಿ ಡೆಬ್ ಫೈಲಿನ ಬೆರಳಚ್ಚು. ನಡುವೆ ಯಾರಾದರೂ ಒಂದು ಅಕ್ಷರ ತಿದ್ದಿದರೂ ಬೆರಳಚ್ಚು ಹೊಂದುವುದಿಲ್ಲ, ಆಪ್ಟ್ ಬೇಡ ಅನ್ನುತ್ತದೆ. ಸಹಿ ಸರಿಯಿಲ್ಲ ಎಂಬ ದೋಷ ಬಂದಾಗ ಅದನ್ನು ದಾಟಿಹೋಗುವ ಅಡ್ಡದಾರಿ ಹುಡುಕಬೇಡಿ. ಆ ಒಂದು ಪರೀಕ್ಷೆಯ ಮೇಲೆ ಉಳಿದದ್ದೆಲ್ಲ ನಿಂತಿದೆ.

ಆದರೆ ಸಹಿ ಹೇಳುವುದು ಎಲ್ಲಿಂದ ಬಂತು ಅಂತ ಮಾತ್ರ. ಒಳಗಿರುವುದು ಒಳ್ಳೆಯದಾ ಅಂತ ಹೇಳುವುದಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಕಂಪ್ಯೂಟರಿಗೆ ಹೋಗಲು ಬಳಸುವ ಎಸ್‌ಎಸ್‌ಎಚ್‌ನ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಗಮನಿಸಿದರು. ಅದರ ಬೆನ್ನು ಹತ್ತಿ ಹೋದಾಗ ಎಕ್ಸ್‌ಝಡ್ ಎಂಬ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಸಿಕ್ಕಿತು. ಅದು ಸರಿಯಾದ ದಾರಿಯಲ್ಲೇ, ಸರಿಯಾದ ಸಹಿಯೊಂದಿಗೇ ಡೆಬಿಯನ್‌ನ ಪರೀಕ್ಷಾ ಶಾಖೆಗಳಿಗೆ ಬಂದಿತ್ತು. ಸಾಮಾನ್ಯ ಬಳಕೆಗೆ ಬಿಡುವ ಸ್ಟೇಬಲ್ ಶಾಖೆಗೆ ಇನ್ನೂ ಬಂದಿರಲಿಲ್ಲ. ‘ಡೆಬಿಯನ್ ಸ್ಟೇಬಲ್‌ನಲ್ಲಿ ಎಲ್ಲ ಹಳೇದು’ ಅಂತ ದೂರುವವರಿಗೆ ನಾನು ಈ ಘಟನೆ ಹೇಳುತ್ತೇನೆ. ನಿಧಾನವಾಗಿ ಬರುವುದಕ್ಕೂ ಒಂದು ಬೆಲೆ ಇದೆ.

ಒಂದೇ ಪುಸ್ತಕಕ್ಕೆ ಇಬ್ಬರು ಗುಮಾಸ್ತರು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಈಚೆಗೆ ಒಂದು ದೋಷ ಎದುರಾಗುತ್ತದೆ. ‘ಪಿಪ್ ಇನ್‌ಸ್ಟಾಲ್’ ಅಂದರೆ ‘ಈ ಪರಿಸರವನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ’ ಅಂತ ನಿಂತುಬಿಡುತ್ತದೆ. 2023ರ ಡೆಬಿಯನ್ 12ರಿಂದ ಹೀಗಿದೆ. ಕಾರಣ ಇಷ್ಟು: ಪಿಪ್ ಕೂಡ ಪ್ಯಾಕೇಜ್ ತರುವ ಸಾಧನ, ಆದರೆ ಅದು ಡಿಪಿಕೆಜಿಯ ಪುಸ್ತಕದಲ್ಲಿ ಏನೂ ಬರೆಯುವುದಿಲ್ಲ. ಸಿಸ್ಟಮ್ಮಿನ ಎಷ್ಟೋ ಸಾಧನಗಳು ಪೈಥಾನ್ ಮೇಲೆ ನಡೆಯುತ್ತವೆ. ಸುಡೊ ಹಾಕಿ ಪಿಪ್ ಓಡಿಸಿದರೆ ಆ ಸಾಧನಗಳ ಕಾಲಡಿಯ ಲೈಬ್ರರಿ ಬದಲಾಗಿ, ಪುಸ್ತಕಕ್ಕೆ ಗೊತ್ತೇ ಇರುವುದಿಲ್ಲ. ನಿಮ್ಮ ಪ್ರಾಜೆಕ್ಟಿಗೆ ವೆನ್ವ್ ಎಂಬ ಪ್ರತ್ಯೇಕ ಕೋಣೆ ಮಾಡಿಕೊಂಡು ಅದರೊಳಗೆ ಪಿಪ್ ಬಳಸಿ. ಆ ಕೋಣೆಯಲ್ಲಿ ಏನು ಮಾಡಿದರೂ ಮನೆಗೆ ಧಕ್ಕೆ ಇಲ್ಲ.

ಸ್ನ್ಯಾಪ್ ಮತ್ತು ಫ್ಲಾಟ್‌ಪ್ಯಾಕ್ ಇನ್ನೊಂದು ದಾರಿ. ಅವು ಬೇಕಾದ ಲೈಬ್ರರಿಗಳ ಬಹುಪಾಲನ್ನು ಬೇರೆಯಾಗಿಯೇ ತಂದು, ಬೇರೆ ಲೆಕ್ಕದಲ್ಲಿ ಇಡುತ್ತವೆ. ಜಾಗ ಜಾಸ್ತಿ ಬೇಕು, ಜಗಳ ಕಡಿಮೆ. ಉಬುಂಟು 22.04ರಲ್ಲಿ ‘ಆಪ್ಟ್ ಇನ್‌ಸ್ಟಾಲ್ ಫೈರ್‌ಫಾಕ್ಸ್’ ಕೊಟ್ಟರೂ ಬರುವುದು ಸ್ನ್ಯಾಪ್. ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್ ಜಾಗಕ್ಕೆ ಡಿಎನ್‌ಎಫ್, ಡಿಪಿಕೆಜಿ ಜಾಗಕ್ಕೆ ಆರ್‌ಪಿಎಂ. ಆರ್ಚ್ ಎಂಬ ಲಿನಕ್ಸ್‌ನಲ್ಲಿ ಪ್ಯಾಕ್‌ಮ್ಯಾನ್. ಹೆಸರು ಬೇರೆ, ಉಗ್ರಾಣ, ಸಹಿ, ಲೆಕ್ಕದ ಪುಸ್ತಕ ಎಲ್ಲ ಕಡೆಯೂ ಇವೆ.

ಕೆಲಸ ಅರ್ಧಕ್ಕೆ ನಿಂತರೆ

ಕೆಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ ನಾನು ಅಪ್‌ಗ್ರೇಡ್ ಕೊಟ್ಟು ಕೂತಿದ್ದೆ. ನಡುವೆ ಕರೆಂಟ್ ಹೋಯಿತು. ಮತ್ತೆ ಆನ್ ಮಾಡಿದಾಗ ಏನು ಇನ್‌ಸ್ಟಾಲ್ ಮಾಡಲು ಹೋದರೂ ‘ಡಿಪಿಕೆಜಿ ಅರ್ಧಕ್ಕೆ ನಿಂತಿದೆ’ ಎಂಬ ಸಂದೇಶ. ಎಲ್ಲ ಹೋಯಿತು ಅಂತ ತುಂಬಾ ಹೆದರಿದ್ದೆ. ಆ ಸಂದೇಶದಲ್ಲೇ ಪರಿಹಾರವೂ ಇತ್ತು: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಕೊಟ್ಟೆ. ಎರಡು ನಿಮಿಷದಲ್ಲಿ ಉಳಿದ ಕೆಲಸ ಮುಗಿಯಿತು. ಪ್ರತಿ ಪ್ಯಾಕೇಜ್ ಯಾವ ಹಂತದಲ್ಲಿದೆ ಅಂತಲೂ ಪುಸ್ತಕದಲ್ಲಿ ಬರೆದಿರುತ್ತದೆ. ಬಿಚ್ಚಿದ್ದು ಆಗಿದೆ, ಸಿದ್ಧಪಡಿಸುವುದು ಬಾಕಿ, ಹೀಗೆ. ಹಾಗಾಗಿ ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯಿತು. ಅದಾದ ಮೇಲೂ ಪ್ಯಾಕೇಜ್‌ಗಳ ನಡುವೆ ಏನಾದರೂ ಕೊರತೆ ಇದ್ದರೆ ‘ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’ ಇದೆ.

ಇನ್ನೊಂದು ಸಾಮಾನ್ಯ ತಡೆ ‘ಲಾಕ್ ಸಿಗುತ್ತಿಲ್ಲ’ ಎಂಬುದು. ಪುಸ್ತಕದಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬೇಕು, ಅದಕ್ಕೇ ಬೀಗ. ಹೆಚ್ಚಾಗಿ ಹಿನ್ನೆಲೆಯಲ್ಲಿ ಭದ್ರತಾ ಅಪ್‌ಡೇಟ್ ತಾನಾಗಿ ನಡೆಯುತ್ತಿರುತ್ತದೆ. ಲಾಕ್ ಫೈಲನ್ನೇ ಅಳಿಸಿ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಅಳಿಸಬೇಡಿ. ಇಬ್ಬರು ಒಟ್ಟಿಗೆ ಬರೆದರೆ ಪುಸ್ತಕ ಕೆಡುತ್ತದೆ. ಐದು ನಿಮಿಷ ಬಿಟ್ಟು ಮತ್ತೆ ಕೊಡಿ.

ಕೊನೆಗೂ ಏನೋ ಕೆಟ್ಟಿದೆ, ಆದರೆ ಏನು ಮಾಡಿದ್ದು ಅಂತ ನೆನಪಿಲ್ಲ ಅನ್ನಿ. ‘/ವಾರ್/ಲಾಗ್/ಆಪ್ಟ್/ಹಿಸ್ಟರಿ.ಲಾಗ್’ ತೆರೆಯಿರಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕಮಾಂಡ್ ಕೊಟ್ಟಿದ್ದಿರಿ, ಯಾವ ಪ್ಯಾಕೇಜ್ ಬಂತು, ಯಾವುದು ಹೋಯಿತು, ಹಳೆಯ ಆವೃತ್ತಿ ಯಾವುದಿತ್ತು ಎಲ್ಲ ಅಲ್ಲಿದೆ. ಹಿಂದಿನ ತಿಂಗಳುಗಳದ್ದು ಪಕ್ಕದಲ್ಲೇ ಕುಗ್ಗಿಸಿದ ಫೈಲುಗಳಾಗಿ ಇರುತ್ತದೆ. ‘ಝಡ್‌ಲೆಸ್’ ಹಾಕಿ ಅವನ್ನೂ ಓದಬಹುದು.